ಮೆಕ್ಸಿಕೊದ ಹಂಚುಗಳ ಮುಂದೆ ನಿಂತು ಕಲಿತ ಸ್ಪ್ಯಾನಿಷ್

ಮಂಗಳವಾರ, ಮೆಕ್ಸಿಕೊ ಸಿಟಿ

ಅಮೆರಿಕದ ವೀಸಾ ಚಾಲ್ತಿಯಲ್ಲಿರುವ ಭಾರತೀಯರಿಗೆ ಮೆಕ್ಸಿಕೊ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಹೀಗಾಗಿ ಹ್ಯೂಸ್ಟನ್ನಿನಲ್ಲಿರುವ ತಂಗಿಯ ಮನೆಗೆ ಹೋದವಳಿಗೆ ಅಲ್ಲಿಂದ ಮುಂದಿನ ಪ್ರಯಾಣ ಸುಲಭವಾಗಿಯೇ ಒದಗಿತು. ಸುಲಭವಲ್ಲದ್ದು ಊಟದ ವಿಷಯ. ನಾವಿಬ್ಬರೂ ಮಾಂಸ, ಮೀನು ತಿನ್ನುವವರಲ್ಲ. ತಂಗಿಗೆ ಮೊಟ್ಟೆ ನಡೆಯುತ್ತದೆ, ನನಗೆ ಅದೂ ನಡೆಯುವುದಿಲ್ಲ. ಇಂಥವರು ಭಾಷೆ ತಿಳಿಯದೆ ಹೋದರೆ ಬಾಳೆಹಣ್ಣು, ಬಿಸ್ಕತ್ತುಗಳಲ್ಲಿ ದಿನ ದೂಡಬೇಕಾಗುತ್ತದೆಂದು ಬಲ್ಲವರು ಎಚ್ಚರಿಸಿದ್ದರಿಂದ, ಹೊರಡುವ ಮೊದಲು ಕೆಲವು ತಿಂಗಳು ಫೋನಿನ ಆ್ಯಪ್ ಹಿಡಿದು ಸ್ಪ್ಯಾನಿಷ್ ಕಲಿತಿದ್ದೆ. ಅದು ಕಲಿಸಿದ ವಾಕ್ಯಗಳು ಬಲು ಸಭ್ಯವಾಗಿದ್ದವು. 'ಕಿಸಿಯೇರಾ', ಅಂದರೆ ನನಗೆ ಬೇಕಿತ್ತು, ಎಂದು ಆರಂಭಿಸಿ ಬೇಕಾದ ಪದಾರ್ಥದ ಹೆಸರು ಹೇಳಿದರೆ ಕೆಲಸ ಮುಗಿಯಿತೆಂಬ ಭರವಸೆಯನ್ನೂ ಕೊಟ್ಟಿದ್ದವು.

ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮಾರ್ಚ್ ತಿಂಗಳ ಬೆಳಿಗ್ಗೆ ಶಾಲು ಬೇಕು, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಮೆಟ್ರೊದ ಮೆಟ್ಟಿಲು ಹತ್ತುವಾಗ ಉಸಿರು ಸಾಲದೆ ನಡುವೆ ನಿಲ್ಲಬೇಕಾಗುತ್ತದೆ. ರೋಮಾ ಬಡಾವಣೆಯ ಬೀದಿಗಳಲ್ಲಿ ಜಕರಾಂಡ ಮರಗಳು ಎಲೆಯಿಲ್ಲದೆ ನೇರಳೆ ಹೂ ತುಂಬಿಕೊಂಡು ನಿಂತಿದ್ದವು. ಬೆಂಗಳೂರಿನವರಿಗೆ ಪರಿಚಿತವಾದ ಈ ಮರವನ್ನು ಈ ನಗರದ ಬೀದಿಗಳಿಗೆ ತಂದ ಕೀರ್ತಿ ತತ್ಸುಗೋರೊ ಮಾತ್ಸುಮೊತೊ ಎಂಬ ಜಪಾನಿ ತೋಟಗಾರನಿಗೆ ಸಲ್ಲುತ್ತದೆ.

ಆ ಮರಗಳ ಸಾಲಿನ ಕೊನೆಯಲ್ಲಿ, ಬೀದಿ ತಿರುವಿನಲ್ಲಿ, ಇದ್ದಿಲ ಒಲೆಯ ಮೇಲೆ ಅಗಲವಾದ ತಗಡಿನ ಹಂಚನ್ನಿಟ್ಟುಕೊಂಡು ಒಬ್ಬಾಕೆ ಕುಳಿತಿದ್ದರು. ಪಕ್ಕದ ಬಕೆಟ್ಟಿನಲ್ಲಿ ನೀಲಿಬಣ್ಣದ ಹಿಟ್ಟು. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ಅರೆದರೆ ಸಿಗುವ ಹಿಟ್ಟು ಅದು. ನೀಲಿ ಬಣ್ಣ ಆ ತಳಿಯ ಕಾಳಿನದೇ. ಅಂಗೈಯಲ್ಲಿ ಒಂದು ಉಂಡೆ ತೆಗೆದುಕೊಂಡು, ನಡುವೆ ಅರೆದ ಹುರುಳಿಕಾಯಿ ಬೀಜದ ಹೂರಣ ಇಟ್ಟು ಮುಚ್ಚಿ, ಎರಡೂ ಅಂಗೈಗಳ ನಡುವೆ ತಟ್ಟುತ್ತ ತಟ್ಟುತ್ತ ಅದನ್ನು ಕದಿರಿನಂತೆ ಎರಡೂ ತುದಿ ಚೂಪಾಗಿಸಿ ಹಂಚಿಗೆ ಹಾಕುತ್ತಿದ್ದರು. ಹಂಚಿಗೆ ಎಣ್ಣೆಯಿಲ್ಲ, ಕೊಬ್ಬಿಲ್ಲ. ಇದೇ ತ್ಲಾಕೊಯೊ. ಬೇಯುತ್ತಿದ್ದಂತೆ ಅದರ ಅಂಚು ಬೂದುಬಣ್ಣಕ್ಕೆ ತಿರುಗಿ, ಹೂರಣ ಇಣುಕಿದ ಕಡೆ ಮಾತ್ರ ಕಪ್ಪು ಕಲೆ ಏಳುತ್ತಿತ್ತು.

ನಾನು ಕಲಿತ ವಾಕ್ಯವನ್ನು ತಪ್ಪಿಲ್ಲದೆ ಹೇಳಿದೆ. ಆಕೆ ತಲೆ ಎತ್ತದೆ ಮೂರು ಪ್ರಶ್ನೆ ಎಸೆದರು. ಒಂದೂ ಆ್ಯಪ್‌ನಲ್ಲಿ ಇರಲಿಲ್ಲ. ಮೊದಲನೆಯದು 'ಯಾವ ಹೂರಣದ್ದು' ಎಂದು: ಹುರುಳಿಕಾಯಿ ಬೀಜ, ಅಗಲ ಅವರೆಯಂಥ ಆಬಾ, ರೆಕೆಸೋನ್ ಎಂಬ ಮೆದು ಗಿಣ್ಣು (ಚೀಸ್). ಎರಡನೆಯದು 'ಕೊನ್ ತೋದೊ?', ಅಂದರೆ ಮೇಲೆ ಎಲ್ಲವನ್ನೂ ಹಾಕಲೇ ಎಂದು. ಮೂರನೆಯದು ಇಲ್ಲಿ ತಿನ್ನುವಿರೋ ಕಟ್ಟಿಕೊಡಲೋ ಎಂದು. ನಮ್ಮ ವಾಕ್ಯವನ್ನು ಹೇಳುವುದಕ್ಕಿಂತ ಅದಕ್ಕೆ ಪ್ರತಿಯಾಗಿ ಬರುವ ಈ ತುಂಡು ಪ್ರಶ್ನೆಗಳನ್ನು ಹಿಡಿಯುವುದೇ ನಿಜವಾದ ಕಲಿಕೆ ಎಂಬುದು ಅಲ್ಲೇ ಸ್ಪಷ್ಟವಾಯಿತು. ಹಿಡಿಯಲಾಗದಿದ್ದಾಗ ಸುಮ್ಮನೆ ತಲೆಯಾಡಿಸುವುದು ಮಾಂಸ ತಿನ್ನದವರಿಗೆ ಅಪಾಯ. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದ ಆಫೀಸಿನ ಹುಡುಗನೊಬ್ಬ ಅದಕ್ಕೊಂದು ಉಪಾಯ ಹೇಳಿಕೊಟ್ಟ: ಕೇಳಿಸದಿದ್ದರೆ 'ಮಾಂದೆ?' ಎನ್ನಿ. ಅದು ಈ ದೇಶದವರ ವಿನಯದ 'ಏನಂದಿರಿ'. ಹಾಗೆಂದ ಕೂಡಲೇ ಆಕೆ ತಲೆ ಎತ್ತಿ, ಅದೇ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದರು.

ಎಲ್ಲವನ್ನೂ ಹಾಕಿಸಿಕೊಂಡೆವು. ಎಲ್ಲ ಎಂದರೆ ಮುಳ್ಳು ತೆಗೆದು ಹೆಚ್ಚಿ ಬೇಯಿಸಿದ ನೊಪಾಲ್ ಕಳ್ಳಿಯ ಎಲೆ, ಈರುಳ್ಳಿ, ಕೊತ್ತಂಬರಿ, ಪುಡಿ ಗಿಣ್ಣು ಮತ್ತು ಸಾಲ್ಸಾ ಎಂಬ ಹಸಿರು ಚಟ್ನಿ. ಪ್ಲಾಸ್ಟಿಕ್ ತಟ್ಟೆಗೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲ ತೊಡಿಸಿರುತ್ತಾರೆ. ತಿಂದಾದ ಮೇಲೆ ಚೀಲ ತೆಗೆದು ಎಸೆದರೆ ತಟ್ಟೆ ತೊಳೆಯುವ ಕೆಲಸವಿಲ್ಲ. ನೀರಿಲ್ಲದ ಬೀದಿಯಲ್ಲಿ ಇದು ಜಾಣತನವೇ, ಕಸದ ಲೆಕ್ಕ ಬೇರೆ. ಆಕೆ ನನ್ನನ್ನು 'ಗ್ವೆರಾ' ಎಂದು ಕರೆದಾಗ ತಂಗಿ ನಕ್ಕಳು. ಬಿಳಿಯ ಮೈಬಣ್ಣದವಳು ಎಂದು ಅದರ ಅರ್ಥ; ಧಾರವಾಡದ ಬಿಸಿಲಲ್ಲಿ ಬೆಳೆದ ನನಗೆ ಆ ಮಾತು ಅನ್ವಯಿಸುವುದು ಕಷ್ಟ. ಇಲ್ಲಿನ ವ್ಯಾಪಾರಿಗಳು ಗಿರಾಕಿ ಯಾವ ಬಣ್ಣದವರಾದರೂ ಹೀಗೆಯೇ ಕರೆಯುತ್ತಾರೆ.

ಬುಧವಾರ, ಕೊಯೊಆಕಾನ್

ಮೆಟ್ರೊ ಪ್ರಯಾಣಕ್ಕೆ 5 ಪೆಸೊ, ಎಷ್ಟು ದೂರವಾದರೂ ಅಷ್ಟೇ. ಕೊಯೊಆಕಾನ್‌ನ ಕಲ್ಲುಹಾಸಿನ ಬೀದಿಗಳಲ್ಲಿ ಬೆಳಗು ಕಳೆದು, ಮಧ್ಯಾಹ್ನ ಎರಡರ ಹೊತ್ತಿಗೆ ಸಣ್ಣ ಊಟದ ಮನೆಯೊಂದಕ್ಕೆ ಹೋದೆವು. ಇವುಗಳಿಗೆ ಫೋಂದಾ ಎನ್ನುತ್ತಾರೆ. ಅಲ್ಲಿ ಸಿಗುವ ಮಧ್ಯಾಹ್ನದ ಊಟ ಕೋಮಿದಾ ಕೋರ್ರೀದಾ: ಮೊದಲು ಸೂಪು, ನಂತರ ಅನ್ನ ಅಥವಾ ಶಾವಿಗೆ, ನಂತರ ಒಂದು ಗಟ್ಟಿ ಪದಾರ್ಥ, ಜೊತೆಗೆ ತೊರ್ತಿಯಾ ಎಂಬ ಗೋವಿನಜೋಳದ ರೊಟ್ಟಿ ಮತ್ತು ಒಂದು ಹೂಜಿ ಹಣ್ಣಿನ ಪಾನಕ. ದರ ನೂರು ಪೆಸೊ ಆಸುಪಾಸು. ಈ ಊಟ ಸಂಜೆ ನಾಲ್ಕೈದರ ಹೊತ್ತಿಗೆ ಮುಗಿದುಹೋಗುತ್ತದೆ, ರಾತ್ರಿ ಇರುವುದಿಲ್ಲ. ಹೊಟ್ಟೆ ತುಂಬಿಸಿಕೊಳ್ಳುವವರು ಮಧ್ಯಾಹ್ನವೇ ತುಂಬಿಸಿಕೊಳ್ಳಬೇಕು.

ಬಡಿಸುವ ಹುಡುಗ ಅಂದಿನ ಪದಾರ್ಥಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಮಾಂಸವಿಲ್ಲದ್ದು ಯಾವುದು ಎಂದು ಕೇಳಿದಾಗ ಅವನು ಸಂತೋಷದಿಂದ ಒಂದನ್ನು ತೋರಿಸಿ, ಇದರಲ್ಲಿ ಮಾಂಸವಿಲ್ಲ, ಕೋಳಿ ಮಾತ್ರ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. 'ಕಾರ್ನೆ' ಎಂದರೆ ಇಲ್ಲಿ ಹೆಚ್ಚಾಗಿ ದನ, ಹಂದಿಯ ಮಾಂಸ. ಕೋಳಿ, ಮೀನು, ಹ್ಯಾಮು ಅದರ ಹೊರಗೆ. ಆದ್ದರಿಂದ ಬೇಡವಾದುದನ್ನು ಒಂದೊಂದಾಗಿ ಹೇಳಬೇಕು: ಕಾರ್ನೆ ಬೇಡ, ಪೋಯೊ ಬೇಡ, ಪೆಸ್ಕಾದೊ ಬೇಡ. ಅಷ್ಟು ಹೇಳಿದರೂ ಸೂಪು ಮತ್ತು ಅನ್ನದ ಪ್ರಶ್ನೆ ಉಳಿಯುತ್ತದೆ. ಟೊಮೆಟೊ ಹಾಕಿದ ಆ ಕೆಂಪು ಅನ್ನ ನೋಡಲು ಅಪ್ಪಟ ಸಸ್ಯಾಹಾರ. ಬೆಂದಿರುವುದು ಮಾತ್ರ ಬಹುತೇಕ ಕೋಳಿಯ ಸಾರಿನಲ್ಲಿ. 'ಕಾಲ್ದೊ ದೆ ಪೋಯೊ' ಎಂಬ ಮೂರು ಪದಗಳನ್ನು ನಾನು ಇಡೀ ಪ್ರವಾಸದಲ್ಲಿ ಬಳಸಿದಷ್ಟು ಇನ್ನಾವುದನ್ನೂ ಬಳಸಲಿಲ್ಲ.

ಹುಡುಗ ಒಳಗೆ ಹೋಗಿ ಅಡುಗೆಯಾಕೆಯನ್ನೇ ಕರೆತಂದ. ಎಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ ಆಕೆ, ನಾವು ಏನು ತಿನ್ನುವುದಿಲ್ಲ ಎಂಬುದನ್ನು ಅರ್ಧಕ್ಕೇ ನಿಲ್ಲಿಸಿ, ಏನು ತಿನ್ನುತ್ತೀರಿ ಎಂದು ಕೇಳಿದರು. ಗಿಣ್ಣು? ಹೌದು. ಕೆನೆ? ಹೌದು. ಕಾಳು? ಹೌದು. ಖಾರ? ಹೌದು, ಎಷ್ಟಾದರೂ. ಈ ಕೊನೆಯ ಉತ್ತರಕ್ಕೆ ಆಕೆ ಹುಬ್ಬೇರಿಸಿದರು. ಹತ್ತು ನಿಮಿಷದಲ್ಲಿ ಸುಟ್ಟು ಸಿಪ್ಪೆ ಸುಲಿದ ಪೊಬ್ಲಾನೊ ಮೆಣಸಿನಕಾಯಿಯ ಎಳೆಗಳನ್ನು ಕೆನೆಯಲ್ಲಿ ಬೇಯಿಸಿದ ರಾಹಾಸ್ ಬಂತು, ಎಳೆ ಕುಂಬಳ ಮತ್ತು ಗೋವಿನಜೋಳದ ಪಲ್ಯ ಬಂತು, ಕಾಳು ಬಂತು. ಕಾಳಿನ ವಿಚಾರದಲ್ಲಿ ಆಕೆ ಹೇಳಿದ್ದನ್ನು ಬರೆದಿಡುವುದು ಲೇಸು: ಹುರಿದು ಅರೆದ ಫ್ರಿಹೋಲೆಸ್‌ಗೆ ಮಾಂತೇಕಾ, ಅಂದರೆ ಹಂದಿಯ ಕೊಬ್ಬು ಬೀಳುವುದುಂಟು; ಮಡಕೆಯಿಂದ ನೇರ ಬಡಿಸುವ 'ಫ್ರಿಹೋಲೆಸ್ ದೆ ಲಾ ಓಯಾ' ಕೇಳಿದರೆ ಆ ಭಯ ಕಡಿಮೆ. ಕಡಿಮೆ ಎಂದೇ ಹೇಳಬೇಕು, ಏಕೆಂದರೆ ಕೆಲವರು ಮಡಕೆಗೂ ಒಂದು ಚಮಚ ಹಾಕುತ್ತಾರಂತೆ.

ಪಾನಕ ಗಾಢ ಕೆಂಪಿನ ಹಮೈಕಾ. ಉತ್ತರ ಕರ್ನಾಟಕದಲ್ಲಿ ನಾವು ಪಲ್ಯ ಮಾಡುವ ಪುಂಡಿಯದೇ ಗಿಡ. ಅದರ ಹೂವಿನ ಕೆಳಗಿನ ಕೆಂಪು ದಳಗಳನ್ನು ಒಣಗಿಸಿ ಕುದಿಸಿ ಸಕ್ಕರೆ ಬೆರೆಸಿರುತ್ತಾರೆ. ಹುಳಿ ನಾಲಿಗೆಗೆ ತಾಗಿದ ಕೂಡಲೇ ತಂಗಿಯೂ ನಾನೂ ಒಟ್ಟಿಗೆ ಗುರುತು ಹಿಡಿದೆವು.

ಹೊರಡುವವರು ಇನ್ನೂ ಉಣ್ಣುತ್ತಿರುವವರನ್ನು ನೋಡಿ 'ಪ್ರೊವೇಚೊ', ಅಂದರೆ ಊಟ ಚೆನ್ನಾಗಿ ಸಾಗಲಿ, ಎಂದು ಹೇಳಿ ಹೋಗುವುದು ಇಲ್ಲಿನ ಪದ್ಧತಿ. ಪರಿಚಯವಿಲ್ಲದ ಮುದುಕರೊಬ್ಬರು ನಮಗೂ ಹೇಳಿದರು. ಬಿಲ್ಲು ತಾನಾಗಿ ಬರುವುದಿಲ್ಲ. ಕೇಳುವ ಮೊದಲೇ ತಂದಿಟ್ಟರೆ ಏಳಿ ಎಂದಂತಾಗುತ್ತದೆಂಬ ಸಂಕೋಚ ಅವರದು. 'ಲಾ ಕ್ವೆಂತಾ, ಪೊರ್ ಫಾವೊರ್' ಎಂದು ನಾವೇ ಬಾಯಿಬಿಡಬೇಕು.

ಗುರುವಾರ, ಶುಕ್ರವಾರ, ಪ್ವೆಬ್ಲಾ

ಪ್ವೆಬ್ಲಾಗೆ ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಪೈನ್ ಮರಗಳ ಘಾಟಿ ದಾಟುವಾಗ ಬಲಗಡೆಗೆ ಪೊಪೊಕಾತೆಪೆತ್ಲ್ ಅಗ್ನಿಪರ್ವತ ಕಾಣಿಸಿತು. ಸುಮಾರು 5,400 ಮೀಟರ್ ಎತ್ತರದ ಆ ಶಿಖರದಿಂದ ತೆಳುವಾದ ಬೂದಿಬಣ್ಣದ ಹೊಗೆ ಏಳುತ್ತಿತ್ತು. ಬಸ್ಸಿನಲ್ಲಿ ಯಾರೂ ಅದರತ್ತ ತಿರುಗಿಯೂ ನೋಡಲಿಲ್ಲ.

ಊರಿನ ಹೆಮ್ಮೆಯ ತಿಂಡಿ ಸೆಮೀತಾ. ಎಳ್ಳು ಮೆತ್ತಿದ ದುಂಡು ಬನ್ನನ್ನು ಸೀಳಿ, ಬೆಣ್ಣೆಹಣ್ಣು, ಎಳೆಎಳೆಯಾದ ಗಿಣ್ಣು, ಈರುಳ್ಳಿ, ಕರಿದ ಮಾಂಸ ತುಂಬುತ್ತಾರೆ. ಮಾಂಸವಿಲ್ಲದೆ ಬರೀ ಗಿಣ್ಣಿನದು ಕೇಳಬಹುದು. ಅಲ್ಲಿಯೂ ಪ್ರಶ್ನೆಗಳು: ಹೊಗೆಯಲ್ಲಿ ಒಣಗಿಸಿದ ಚಿಪೋತ್ಲೆ ಮೆಣಸೋ, ವಿನೆಗರಿನಲ್ಲಿ ಹಾಕಿದ ಹಸಿಮೆಣಸೋ? ಪಾಪಲೊ ಸೊಪ್ಪು ಹಾಕಲೇ? ಪಾಪಲೊ ಎಂಬುದು ಕೊತ್ತಂಬರಿಗಿಂತ ಹಲವು ಪಟ್ಟು ಘಾಟಿನ ಸೊಪ್ಪು; ಇಷ್ಟಪಡುವವರು ಅದಿಲ್ಲದೆ ಸೆಮೀತಾ ತಿನ್ನುವುದಿಲ್ಲ, ತಂಗಿಗೆ ಅದು ಸೋಪಿನಂತೆ ನಾರಿತು. ಬನ್ನಿನಲ್ಲಿ ಮೊಟ್ಟೆಯಿದೆಯೇ ಎಂದು ನಾನು ಕೇಳಿದೆ. ಇದೆ ಎಂದು ಆತ ಪ್ರಾಮಾಣಿಕವಾಗಿ ಹೇಳಿದ. ಹಾಗಾದರೆ ಬನ್ನು ಬಿಟ್ಟು ಕೊಡಿ ಎಂದೆ. 'ಸೆಮೀತಾ ಸಿನ್ ಪಾನ್?' ಎಂದು ಆತ ಗಟ್ಟಿಯಾಗಿ ಕೇಳಿದ್ದು ಅಕ್ಕಪಕ್ಕದ ಮೂರು ಅಂಗಡಿಗಳಿಗೂ ಕೇಳಿಸಿ, ಬನ್ನಿಲ್ಲದ ಸೆಮೀತಾ ತಿನ್ನುವ ಹೆಂಗಸನ್ನು ನೋಡಲು ಎದುರಿನ ಹಣ್ಣಿನಂಗಡಿಯವನೂ ಬಗ್ಗಿದ. ಕೊನೆಗೆ ಆತ ಪಕ್ಕದವರಿಂದ ನಾಲ್ಕು ತೊರ್ತಿಯಾ ಇಸಿದುಕೊಂಡು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ ಕೊಟ್ಟ. ಬೆಲೆಯಲ್ಲಿ ರಿಯಾಯಿತಿ ಸಿಗಲಿಲ್ಲ, ನ್ಯಾಯವಾಗಿ ಸಿಗಬೇಕಾಗಿಯೂ ಇರಲಿಲ್ಲ.

ಮಾರ್ಚ್‌ನಲ್ಲಿ ಹೊರಡುವುದರಲ್ಲಿ ಒಂದು ಲಾಭವಿದೆ; ಅದು ಶುಕ್ರವಾರ ಕೈಗೆ ಹತ್ತಿತು. ಈಸ್ಟರಿಗೆ ಮುಂಚಿನ ಉಪವಾಸದ ಕಾಲವನ್ನು ಇಲ್ಲಿ ಕ್ವಾರೆಸ್ಮಾ ಎನ್ನುತ್ತಾರೆ. ಆ ಶುಕ್ರವಾರಗಳಲ್ಲಿ ಕ್ಯಾಥೊಲಿಕರು ಮಾಂಸ ಬಿಡುವುದರಿಂದ ಫೋಂದಾಗಳ ಹಲಗೆಗಳ ಮೇಲೆ ಪ್ರತ್ಯೇಕ ಪಟ್ಟಿ ಬರುತ್ತದೆ. ಮೀನು, ಸೀಗಡಿಗೆ ನಿಷೇಧವಿಲ್ಲವಾದ್ದರಿಂದ ಕಣ್ಣುಮುಚ್ಚಿ ಕೇಳುವಂತಿಲ್ಲ. ಆದರೂ ಒಣ ಆಬಾ ಕಾಳುಗಳನ್ನು ಕರಗುವಂತೆ ಬೇಯಿಸಿ ಕೊತ್ತಂಬರಿ ಹಾಕಿದ ಸಾರು, ಗಿಣ್ಣು ತುಂಬಿದ ದೊಡ್ಡ ಮೆಣಸಿನಕಾಯಿ, ಆಲೂಗಡ್ಡೆಯ ವಡೆ ಎಲ್ಲ ಕಡೆ ಸಿಗುತ್ತವೆ. ಮೆಣಸಿನಕಾಯಿ ಮತ್ತು ವಡೆಗಳನ್ನು ಮೊಟ್ಟೆಯ ನೊರೆಯಲ್ಲಿ ಅದ್ದಿ ಕರಿಯುತ್ತಾರೆ. ಅದ್ದದೆ ಕೊಡಿ ಎನ್ನಲು 'ಸಿನ್ ಕಪೆಯಾರ್' ಎಂದರೆ ಸಾಕು, ಆದರೆ ಬೆಳಿಗ್ಗೆಯೇ ಕರಿದಿಟ್ಟಿದ್ದರೆ ಏನೂ ಮಾಡಲಾಗದು. ನಾನು ಸಾರಿನಲ್ಲೇ ತೃಪ್ತಳಾದೆ, ಎರಡು ಬಟ್ಟಲು. ಪ್ವೆಬ್ಲಾದ ಪ್ರಸಿದ್ಧ ಮೋಲೆ ಎಂಬ ಮಸಾಲೆ ಗೊಜ್ಜನ್ನು ನಾನು ತಿನ್ನಲಿಲ್ಲ. ಕೇಳಿದ ಕಡೆಯೆಲ್ಲ ಅದು ಕೋಳಿಸಾರಿನಲ್ಲೇ ಕದಡಿದ್ದಾಗಿತ್ತು, ಮತ್ತು ಒಂದು ಊರಿನ ಹೆಮ್ಮೆಯ ಅಡುಗೆಯನ್ನು ನನಗಾಗಿ ಬದಲಿಸಿ ಎನ್ನುವುದು ಸರಿಯೆನಿಸಲಿಲ್ಲ. ಬದಲಿಗೆ ಸಿಹಿತಿಂಡಿಗಳ ಬೀದಿಯಲ್ಲಿ, ಬೆರಳುದ್ದದ, ಮೇಣಗಾಗದದಲ್ಲಿ ಸುತ್ತಿದ ಗೆಣಸಿನ ಮಿಠಾಯಿ ಕಾಮೋತೆಗಳನ್ನು ಚೀಲ ತುಂಬಿಕೊಂಡೆವು.

ಶನಿವಾರ, ವಾಹಾಕಾದ ದಾರಿ

ವಾಹಾಕಾ ನಗರಕ್ಕೆ ಹೋಗುವ ಹೆದ್ದಾರಿ ತೆವಾಕಾನ್–ಕ್ವಿಕಾತ್ಲಾನ್ ಕಣಿವೆಯ ಮೂಲಕ ಹಾದುಹೋಗುತ್ತದೆ. ಒಣ ಗುಡ್ಡಗಳ ಮೈತುಂಬ ಕಂಬದಂಥ ಕಳ್ಳಿಗಳು, ಸಾವಿರಾರು, ಒಂದರ ಪಕ್ಕ ಒಂದು ನೆಟ್ಟಗೆ ನಿಂತಿವೆ. ಯುನೆಸ್ಕೊ 2018ರಲ್ಲಿ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಕೃತಿಗಾಗಿ ಮಾತ್ರವಲ್ಲ, ಮನುಷ್ಯರು ಇಲ್ಲಿ ಬಹು ಹಿಂದೆಯೇ ಬೆಳೆಗಳನ್ನು ಪಳಗಿಸಿ ನೀರು ಕಟ್ಟಿ ಬೇಸಾಯ ಮಾಡಿದ ಕುರುಹುಗಳಿಗಾಗಿಯೂ. ಗೋವಿನಜೋಳದ ಅತಿ ಹಳೆಯ ತೆನೆಗಳಲ್ಲಿ ಕೆಲವು ಸಿಕ್ಕಿದ್ದು ಈ ತೆವಾಕಾನ್ ಕಣಿವೆಯ ಗವಿಗಳಲ್ಲೇ. ಬ್ಯಾಡಗಿಯ ಕೆಂಪಿನ ಮೂಲವೂ ಈ ದೇಶದ ಮೆಣಸಿನ ಗಿಡಗಳೇ ಎಂಬುದು ಕಿಟಕಿಯಾಚೆ ನೋಡುತ್ತಿದ್ದಾಗ ನೆನಪಾಯಿತು.

ನಡುವೆ ಎಲ್ಲೋ ಮುಂದೆ ಲಾರಿಯೊಂದು ಮಗುಚಿ ದಾರಿ ನಿಂತಿತು. ಅರ್ಧ ಗಂಟೆಯೊಳಗೆ ಹೆಂಗಸರು, ಮಕ್ಕಳು ಬುಟ್ಟಿ ಹೊತ್ತು ಬಸ್ಸುಗಳ ಸಾಲಿನುದ್ದಕ್ಕೂ ಬಂದರು. ಇಲ್ಲಿ ಹಲಗೆಯಿಲ್ಲ, ಪಟ್ಟಿಯಿಲ್ಲ. ಎಲ್ಲವೂ ಬಟ್ಟೆಯಡಿ ಮುಚ್ಚಿದೆ. ನಮ್ಮ ಹಿಂದಿನ ಆಸನದ ಅಜ್ಜಿ ಕಿಟಕಿಯಿಂದ ಕೂಗುತ್ತಿದ್ದುದನ್ನು ಕೇಳಿ ನಾವೂ ಅದನ್ನೇ ಕೂಗಿದೆವು: 'ದೆ ಕೆ ಆಯ್?', ಯಾವ ಯಾವುದು ಇದೆ ಎಂದು. ಗೋವಿನಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲ್‌ಗಳಿದ್ದವು, ಮೆಣಸು ಗಿಣ್ಣಿನವೂ ಇದ್ದವು, ಆದರೆ ಹಿಟ್ಟಿಗೆ ಮಾಂತೇಕಾ ಬಿದ್ದಿದೆಯೆಂದು ಹುಡುಗಿ ಹೇಳಿದಳು. ಬೇಯಿಸಿದ ಗೋವಿನಜೋಳದ ತೆನೆಗೆ ನಿಂಬೆ, ಉಪ್ಪು, ಮೆಣಸಿನಪುಡಿ ಉಜ್ಜಿಸಿಕೊಂಡೆವು. ಅಜ್ಜಿ ತನ್ನ ತಮಾಲ್ ಬಿಚ್ಚುತ್ತ, ಕೊಬ್ಬಿಲ್ಲದ ತಮಾಲ್ ಒಣ ಮಣ್ಣಿನಂತಿರುತ್ತದೆ, ನಿಮ್ಮ ಡಾಕ್ಟರರು ಬಹಳ ಕಟ್ಟುನಿಟ್ಟೇ ಎಂದು ಕನಿಕರದಿಂದ ಕೇಳಿದರು. ಡಾಕ್ಟರರಲ್ಲ, ಮನೆತನದ ಪದ್ಧತಿ ಎಂದು ತಂಗಿ ಹೇಳಿದ್ದು ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಕತ್ತಲಾದ ಮೇಲೆ ವಾಹಾಕಾ ಸೇರಿದೆವು.

ಭಾನುವಾರ, ತ್ಲಾಕೊಲೂಲಾ

ವಾಹಾಕಾದಿಂದ ಪೂರ್ವಕ್ಕೆ ಸುಮಾರು 30 ಕಿಲೊಮೀಟರ್ ದೂರದ ಈ ಊರಿನಲ್ಲಿ ಭಾನುವಾರ ದೊಡ್ಡ ಸಂತೆ. ಸುತ್ತಲ ಹಳ್ಳಿಗಳ ಸಪೊತೆಕ್ ಎಂಬ ಮೂಲನಿವಾಸಿ ಜನಾಂಗದ ಹೆಂಗಸರು ಕಸೂತಿ ಹಾಕಿದ ಎಪ್ರನ್ ತೊಟ್ಟು ಬೀದಿಯುದ್ದಕ್ಕೂ ಕುಳಿತಿರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ನೆರಳೂ ಸಿಗುತ್ತದೆ, ಓಡಾಡಲು ಜಾಗವೂ ಸಿಗುತ್ತದೆ.

ತೆಹಾತೆ ಎಂಬ ಪಾನೀಯ ಮಾರುವ ಹಿರಿಯ ಹೆಂಗಸೊಬ್ಬರ ಮುಂದೆ ನಾವು ಬಹಳ ಹೊತ್ತು ನಿಂತೆವು. ದೊಡ್ಡ ಹಸಿರು ಮಣ್ಣಿನ ಬಾನಿಯ ತುಂಬ ಕಂದು ದ್ರವ, ಮೇಲೆ ದಪ್ಪನೆಯ ಬಿಳಿ ನೊರೆ. ಹಾಲಿನ ಹನಿಯೂ ಅದರಲ್ಲಿಲ್ಲ. ಗೋವಿನಜೋಳ, ಕೊಕೊ ಬೀಜ, ಮಾಮೇ ಹಣ್ಣಿನ ಬೀಜದ ತಿರುಳು ಮತ್ತು ಒಂದು ಮರದ ಒಣಹೂಗಳನ್ನು ಹುರಿದು ಅರೆದ ಉಂಡೆಯನ್ನು, ಮೊಣಕೈವರೆಗೆ ಕೈ ಇಳಿಸಿ ತಣ್ಣೀರಿನಲ್ಲಿ ಕಲಸುತ್ತ ಕಲಸುತ್ತ ನೊರೆ ಎಬ್ಬಿಸುತ್ತಾರೆ. ಬಣ್ಣ ಬಳಿದ ಸೋರೆ ಬುರುಡೆಯ ಬಟ್ಟಲಲ್ಲಿ ಕೊಡುವಾಗ ಆಕೆ ಕೇಳಿದ್ದು ಒಂದೇ: ಎಷ್ಟು ಸಿಹಿ? ಸಕ್ಕರೆ ಪಾಕ ಬೇರೆಯೇ ಇರುತ್ತದೆ. ನೊರೆ ನಾಲಿಗೆಗೆ ತಣ್ಣಗೆ, ತುಸು ತರಿತರಿಯಾಗಿ ತಗಲಿ, ಆಮೇಲೆ ಕೊಕೊದ ಕಹಿ ಬರುತ್ತದೆ.

ಆಕೆ ಪಕ್ಕದವರೊಡನೆ ಸಪೊತೆಕ್‌ನಲ್ಲಿ ಮಾತಾಡುತ್ತಿದ್ದರು, ನಮ್ಮೊಡನೆ ಸ್ಪ್ಯಾನಿಷ್‌ನಲ್ಲಿ. ಆ ಸ್ಪ್ಯಾನಿಷ್ ನಿಧಾನವಾಗಿತ್ತು, ಬಿಡಿಬಿಡಿಯಾಗಿತ್ತು. ಶಾಲೆ, ಸಂತೆಗಳಲ್ಲಿ ಕಲಿತದ್ದೆಂದು ಅವರೇ ಹೇಳಿದರು. ರಾಜಧಾನಿಯಲ್ಲಿ ನನಗೆ ಅರ್ಧವೂ ಸಿಕ್ಕದ ಭಾಷೆ ಇಲ್ಲಿ ಪೂರ್ತಿ ಸಿಕ್ಕಿತು, ಏಕೆಂದರೆ ಅದು ಇಬ್ಬರಿಗೂ ಮನೆಯ ಮಾತಲ್ಲ. ನಿಮ್ಮಲ್ಲಿ ತೊರ್ತಿಯಾ ಇದೆಯೇ ಎಂದು ಕೇಳಿದರು. ಬೇರೆ ಜೋಳದ್ದು, ಬಿಳಿಯದು, ಕೈಯಲ್ಲಿ ಬಡಿಯುತ್ತೇವೆ, ಹಂಚಿನ ಮೇಲೆ ನೀರು ಸವರುತ್ತೇವೆ ಎಂದು ಕೈಯಾಡಿಸಿ ತೋರಿಸಿದೆ. ಸುಣ್ಣ ಹಾಕುವುದಿಲ್ಲವೇ? ಇಲ್ಲ. ಹಾಗಾದರೆ ಅದು ಹೇಗೆ ಒಡೆಯದೆ ಉಳಿಯುತ್ತದೆ? ಕುದಿಯುವ ನೀರಿನಲ್ಲಿ ಹಿಟ್ಟು ಕಲಸುತ್ತೇವೆ ಎನ್ನಲು ನನ್ನಲ್ಲಿ ಪದಗಳು ಸಾಲದೆ, ತಂಗಿ 'ಅಕ್ಕಾ, ಬಿಸಿಗೆ ಕಾಲಿಯೆಂತೆ ಅನ್ನು' ಎಂದು ಪಿಸುಗುಟ್ಟಿದಳು. ಆಕೆ ಅದನ್ನು ಪಕ್ಕದವರಿಗೆ ಸಪೊತೆಕ್‌ನಲ್ಲಿ ವಿವರಿಸಿದರು. ಅವರಿಬ್ಬರ ನಡುವೆ ಒಂದು ಸಣ್ಣ ಚರ್ಚೆಯೇ ನಡೆಯಿತು.

ಸೋಮವಾರ, ವಾಹಾಕಾ

ರಾತ್ರಿಯ ಊಟ ತ್ಲಾಯುದಾ. ಊರಿನವರು ಇದನ್ನು ಹೆಚ್ಚಾಗಿ ಕತ್ತಲಾದ ಮೇಲೆಯೇ ತಿನ್ನುತ್ತಾರೆ. ಮೊಳದಗಲದ, ಅರೆ ಒಣಗಿದ ತೊರ್ತಿಯಾಕ್ಕೆ ಮೊದಲು ಆಸಿಯೆಂತೊ ಸವರುತ್ತಾರೆ. ಹಂದಿಯ ಕೊಬ್ಬು ಕರಗಿಸಿದ ಪಾತ್ರೆಯ ತಳದಲ್ಲಿ ಉಳಿಯುವ ಗಸಿ ಅದು. ಬೆಣ್ಣೆಯಷ್ಟೇ ನಿರಪಾಯವಾಗಿ ಕಾಣುವುದರಿಂದ ಕೇಳದೆ ಸವರಿಬಿಡುತ್ತಾರೆ. ಆದ್ದರಿಂದ ಬೆಂಚಿನ ಮೇಲೆ ಕೂರುವ ಮೊದಲೇ 'ಸೆನ್ಸಿಯಾ, ಸಿನ್ ಆಸಿಯೆಂತೊ' ಎನ್ನಬೇಕು: ಮಾಂಸವಿಲ್ಲದ್ದು, ಗಸಿಯಿಲ್ಲದ್ದು. ಕಾಳಿನ ಚಟ್ನಿಗೆ ಕೊಬ್ಬು ಬಿದ್ದಿದೆಯೇ? ಇಲ್ಲ, ಬೆಣ್ಣೆಹಣ್ಣಿನ ಮರದ ಎಲೆ ಮಾತ್ರ. ಮಡಚಿದ್ದೋ, ತೆರೆದದ್ದೋ? ಮಡಚಿದ್ದು. ಎಲ್ಲವೂ ಎರಡು ನಿಮಿಷದಲ್ಲಿ ಮುಗಿಯಿತು, ಒಮ್ಮೆಯೂ 'ಮಾಂದೆ' ಎನ್ನಬೇಕಾಗಲಿಲ್ಲ. ಕೆಂಡದ ಮೇಲೆ ನೇರವಾಗಿಟ್ಟು ಸುಟ್ಟದ್ದರಿಂದ ಹೊರಮೈ ಹಪ್ಪಳದಂತೆ ಮುರಿಯುತ್ತಿತ್ತು, ಒಳಗೆ ಕೇಸಿಯೊ ಗಿಣ್ಣು ಎಳೆಯಾಗಿ ಜಗ್ಗುತ್ತಿತ್ತು. ಪಕ್ಕದ ಒಲೆಯ ಕೆಂಡದಲ್ಲಿ ಮಾಂಸ ಬೇಯುತ್ತಿರುತ್ತದೆ. ಅಷ್ಟನ್ನೂ ಒಪ್ಪದವರು ಈ ಊರಿನ ರಾತ್ರಿ ಬೀದಿಗಳಲ್ಲಿ ತಿನ್ನುವುದು ಕಷ್ಟ.

ಇಂಥ ಕಡೆ ಏನೇನು ತಿಂದೆವೆಂಬ ಲೆಕ್ಕ ಗಿರಾಕಿಯ ಬಾಯಲ್ಲೇ ಇರುತ್ತದೆ. ಎದ್ದು ನಿಂತು, ಎರಡು ತ್ಲಾಯುದಾ, ಎರಡು ಹಮೈಕಾ, ಆಮೇಲೆ ಇನ್ನೊಂದು ಹಮೈಕಾ ಎಂದು ಒಪ್ಪಿಸಿದೆ. ಆಕೆ ಮನಸ್ಸಿನಲ್ಲೇ ಕೂಡಿ ಮೊತ್ತ ಹೇಳಿದರು. ನಾನು ಬ್ಯಾಂಕಿನ ಯಂತ್ರ ಕೊಟ್ಟಿದ್ದ 500 ಪೆಸೊದ ನೋಟು ಚಾಚಿದೆ. ಆಕೆ ನೋಟನ್ನು ನೋಡಿ, ನನ್ನನ್ನು ನೋಡಿ, ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಕೇಳಿದರು: 'ನೊ ತ್ರಾಯೆ ಮಾಸ್ ಚೀಕೊ?', ಇದಕ್ಕಿಂತ ಚಿಕ್ಕದಿಲ್ಲವೇ ಎಂದು. ಇರಲಿಲ್ಲ. ಬೀದಿಯಲ್ಲಿ ತಿನ್ನಲು ಹೊರಡುವವರು ದೊಡ್ಡ ನೋಟುಗಳನ್ನು ಹಗಲಲ್ಲೇ ಯಾವುದಾದರೂ ದೊಡ್ಡ ಅಂಗಡಿಯಲ್ಲಿ ಒಡೆಸಿಟ್ಟುಕೊಳ್ಳುವುದು ವಾಸಿ. ಆಕೆಯ ಮಗ ನೋಟು ಹಿಡಿದು, ಐಸ್‌ಕ್ರೀಮಿನ ಗಾಡಿ, ಹೂವಿನಂಗಡಿ, ಔಷಧಿ ಅಂಗಡಿ ಎಂದು ಬೀದಿಯುದ್ದಕ್ಕೂ ಕೇಳುತ್ತ ಹೋದ. 'ಅವೊರೀತಾ' ಎಂದು ತಾಯಿ ನಮ್ಮನ್ನು ಮತ್ತೆ ಕೂರಿಸಿದರು. ಈಗಲೇ ಎಂಬ ಆ ಮಾತಿಗೆ ಈ ದೇಶದಲ್ಲಿ ಐದು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಹುಡುಗ ಬರುವುದರೊಳಗೆ ತಂಗಿ ಇನ್ನೊಂದು ಹಮೈಕಾ ಕುಡಿದಳು, ಲೆಕ್ಕವನ್ನು ಮತ್ತೆ ಮೊದಲಿಂದ ಒಪ್ಪಿಸಬೇಕಾಯಿತು.